ಮನೆಯಿಂದ ಕಚೇರಿಗೆ ಗುಪ್ತಮಾರ್ಗ: ವಿ.ಪಿ.ಎನ್. ಪ್ರೋಟೋಕಾಲುಗಳ ತಾರತಮ್ಯ ವಿವೇಚನೆ

೧. ಸಂದರ್ಭ

ವಡಾಲಾ ಮತ್ತು ಸಯನ್ ಕೋಳಿವಾಡಗಳ ನಡುವೆ ಹಬ್ಬಿರುವ ಆಂಟಾಪ್ ಹಿಲ್ ಮುಂಬಯಿಯ ದಟ್ಟವಾದ ವಸತಿಗಳಲ್ಲೊಂದು. ಕೇಂದ್ರ ಸರಕಾರದ ನೌಕರರ ವಿಶಾಲವಾದ ವಸಾಹತು, ಗೋದಾಮುಗಳ ಸಾಲು, ಚಾಳುಗಳು, ಇಕ್ಕಟ್ಟಾದ ಗಲ್ಲಿಗಳು, ಈಚೆಗೆ ಎದ್ದ ಬಹುಮಹಡಿಯ ಕಟ್ಟಡಗಳು ಇವೆಲ್ಲ ಇಲ್ಲಿ ಒತ್ತಾಗಿ ನಿಂತಿವೆ. ಇಲ್ಲಿಯ ನೌಕರವರ್ಗದ ದಿನಚರಿಯು ಬಹುಕಾಲದಿಂದ ಹಾರ್ಬರ್ ಮಾರ್ಗದ ಲೋಕಲ್ ಗಾಡಿಯನ್ನು ನಂಬಿದ್ದಿತು. ೨೦೨೦ರ ಮಾರ್ಚ್ ೨೨ರ ನಡುರಾತ್ರಿ ಆ ಗಾಡಿಗಳು ನಿಂತುವು. ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಜನ ಕಚೇರಿಗೆ ಹೋಗಲಾಗದಾಗ ಕಚೇರಿಯೇ ಜನರ ಮನೆಗೆ ಬರಬೇಕಾಯಿತು.

ಕನ್ನಡಿಗರ ಮಟ್ಟಿಗೆ ಆ ದಿನಗಳಿಗೆ ಇನ್ನೊಂದು ವಿಶೇಷವೂ ಉಂಟು. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ೧೯೦೬ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಮುಂಬಯಿಯ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುದು ೨೦೨೦ರ ಏಪ್ರಿಲ್ ೧ರಂದು, ಎಂದರೆ ದೇಶ ಬಾಗಿಲು ಮುಚ್ಚಿದ ಎರಡನೆಯ ವಾರದಲ್ಲಿಯೇ. ಒಂದು ಬ್ಯಾಂಕಿನ ಲೆಕ್ಕ ಇನ್ನೊಂದಕ್ಕೆ ಸೇರುತ್ತಿದ್ದ ಹೊತ್ತಿನಲ್ಲಿ ದೇಶದ ಅದೆಷ್ಟೋ ನೌಕರರು ತಮ್ಮ ಮನೆಯ ಊಟದ ಮೇಜಿನಿಂದಲೇ ಕಚೇರಿಯ ಕಡತಗಳನ್ನು ತೆರೆಯಬೇಕಾಗಿದ್ದಿತು. ಸರಕಾರಿ ನೌಕರರ ಪಾಡೂ ಬೇರೆಯಾಗಿರಲಿಲ್ಲ. ಕೇಂದ್ರದ ಸಿಬ್ಬಂದಿ ಇಲಾಖೆಯು ೨೦೨೦ರ ಮೇ ತಿಂಗಳಲ್ಲಿ ಮನೆಯಿಂದ ಕೆಲಸ ಮಾಡುವುದರ ಬಗೆಗೆ ಒಂದು ಕರಡು ಚೌಕಟ್ಟನ್ನು ಪ್ರಕಟಿಸಿ, ಅದುವರೆಗೆ ಮೇಲಿನ ದರ್ಜೆಯ ಅಧಿಕಾರಿಗಳಿಗೆ ಮಾತ್ರ ಇದ್ದ ವಿ.ಪಿ.ಎನ್. ಸೌಕರ್ಯವನ್ನು ಕೆಳಗಿನ ದರ್ಜೆಗಳಿಗೂ ವಿಸ್ತರಿಸುವ ಸೂಚನೆ ಮಾಡಿತು. ದೂರಸಂಪರ್ಕ ಇಲಾಖೆಯು ಅದೇ ವರ್ಷದ ಮಾರ್ಚ್ ೧೩ರಂದು, ಹೊರಗುತ್ತಿಗೆಯ ಸೇವಾಸಂಸ್ಥೆಗಳು ಸ್ಥಿರವಿಳಾಸದ ಆಧಾರದಿಂದ ತಾವೇ ವಿ.ಪಿ.ಎನ್. ಏರ್ಪಡಿಸಿಕೊಳ್ಳಲು ತಾತ್ಕಾಲಿಕವಾಗಿ ಅನುಮತಿ ನೀಡಿದ್ದಿತು.

ಹೀಗೆ ಅವಸರದಲ್ಲಿ ಬಂದ ಏರ್ಪಾಡು ಈಗ ಅನೇಕ ಕಚೇರಿಗಳಲ್ಲಿ ನೆಲೆಯೂರಿದೆ. ಆದರೆ ಅವಸರದಲ್ಲಿ ಆಯ್ದ ಮಾರ್ಗವು ಭದ್ರವೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳಿಕೊಂಡಿಲ್ಲ. ಆ ಮಾರ್ಗದಲ್ಲಿ ಹಾಯುವುದು ನೌಕರನ ಸ್ವಂತ ಆಸ್ತಿಯಲ್ಲ. ಯಾರೋ ಒಬ್ಬ ವೃದ್ಧನ ಠೇವಣಿ, ಯಾರೋ ಒಬ್ಬ ವಿಧವೆಯ ನಿವೃತ್ತಿವೇತನ, ಯಾರೋ ಒಬ್ಬ ರೋಗಿಯ ವೈದ್ಯಕೀಯ ಕಾಗದ. ಆದಕಾರಣ ಈ ವಿಷಯವನ್ನು ಯಂತ್ರಜ್ಞರಿಗೆ ಮಾತ್ರ ಬಿಡದೆ ವಿದ್ಯಾವಂತರೆಲ್ಲರೂ ವಿವೇಚಿಸುವುದು ಯುಕ್ತ.

೨. ಗೂಢಲೇಖನದ ಹಳೆಯ ಪಾಠಗಳು

ಗುಪ್ತವಾಗಿ ಸುದ್ದಿ ಕಳುಹಿಸುವ ವಿದ್ಯೆ ಹೊಸತಲ್ಲ. ಆರ್. ಶಾಮಾಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕಂಡುಹಿಡಿದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗೂಢಚಾರರು ತಂದ ಸುದ್ದಿಯನ್ನು ಮುಂದೆ ಸಾಗಿಸಲು ಸಂಜ್ಞಾಲಿಪಿಯನ್ನು ಬಳಸಬೇಕೆಂಬ ವಿಧಿ ಇದೆ. ಸಂಜ್ಞಾಲಿಪಿಯ ಬಲವೆಲ್ಲ ಅದರ ರೀತಿಯನ್ನು ಬಚ್ಚಿಡುವುದರಲ್ಲಿತ್ತು; ರೀತಿ ಬಯಲಾದರೆ ಲಿಪಿಯೂ ಬಯಲು. ಆಗಸ್ಟ್ ಕೆರ್ಕಾಫ್ಸ್ ಎಂಬ ವಿದ್ವಾಂಸನು ೧೮೮೩ರಲ್ಲಿ ಇದಕ್ಕೆ ವಿರುದ್ಧವಾದ ಸೂತ್ರವೊಂದನ್ನು ಹೇಳಿದನು: ಗೂಢಲಿಪಿಯ ರೀತಿಯು ಶತ್ರುವಿಗೆ ತಿಳಿದರೂ ಕೆಡುಕಾಗಬಾರದು, ಗುಟ್ಟಾಗಿರಬೇಕಾದುದು ಕೀಲಿಯೊಂದೇ. ಬೀಗ ಹೇಗೆ ಮಾಡಿದೆ ಎಂಬುದನ್ನು ಊರೆಲ್ಲ ಬಲ್ಲುದು. ಆದರೂ ಬೀಗದ ಕೈ ಇಲ್ಲದೆ ಬಾಗಿಲು ತೆರೆಯದು. ಆಧುನಿಕ ಗೂಢಲಿಪಿಗಳೆಲ್ಲ ನಿಂತಿರುವುದು ಈ ತತ್ತ್ವದ ಮೇಲೆ. ಆದ್ದರಿಂದ ಯಾವ ವ್ಯಾಪಾರಿಯಾದರೂ ತನ್ನ ರೀತಿಯೇ ರಹಸ್ಯ, ಅದರಿಂದಲೇ ಭದ್ರ ಎಂದು ಹೇಳಿದರೆ, ಆ ಮಾತನ್ನೇ ಅಪಾಯದ ಸೂಚನೆಯೆಂದು ತಿಳಿಯಬೇಕು.

ಎರಡನೆಯ ಪಾಠ ಬ್ಯಾಂಕಿನ ಹಳೆಯ ಪದ್ಧತಿಯಲ್ಲಿಯೇ ಇದೆ. ತಂತಿಯ ಮೂಲಕ ಶಾಖೆಯಿಂದ ಶಾಖೆಗೆ ಹಣ ಕಳುಹಿಸುತ್ತಿದ್ದ ಕಾಲದಲ್ಲಿ ಪ್ರತಿ ತಂತಿಯ ಜೊತೆಗೆ ಒಂದು ಪರೀಕ್ಷಾಂಕವಿರುತ್ತಿದ್ದಿತು. ಮೊತ್ತ, ತಾರೀಖು, ಕ್ರಮಸಂಖ್ಯೆ ಮೊದಲಾದವುಗಳಿಗೆ ಗುಪ್ತಪಟ್ಟಿಯಲ್ಲಿ ನಮೂದಿಸಿದ ಅಂಕಗಳನ್ನು ಕೂಡಿ ಅದನ್ನು ಪಡೆಯುತ್ತಿದ್ದರು. ಆ ಕಡೆಯ ಅಧಿಕಾರಿಯು ತನ್ನಲ್ಲಿದ್ದ ಪಟ್ಟಿಯಿಂದ ಅದೇ ಲೆಕ್ಕವನ್ನು ಮಾಡಿ, ತಾಳೆಯಾದರೆ ಮಾತ್ರ ಹಣ ಕೊಡುತ್ತಿದ್ದನು. ಪರೀಕ್ಷಾಂಕವು ತಂತಿಯ ಒಕ್ಕಣೆಯನ್ನು ಮುಚ್ಚಿಡುತ್ತಿರಲಿಲ್ಲ. ಒಕ್ಕಣೆ ನಿಜವಾದ ಶಾಖೆಯಿಂದಲೇ ಬಂದಿತು, ನಡುವೆ ಯಾರೂ ತಿದ್ದಲಿಲ್ಲ ಎಂಬುದನ್ನು ದೃಢಪಡಿಸುತ್ತಿದ್ದಿತು. ದೇಶದ ತಂತಿ ಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ಮುಗಿಯಿತು. ಅದು ಕಲಿಸಿದ ವಿವೇಕ ಮುಗಿದಿಲ್ಲ. ಗೋಪ್ಯತೆ ಒಂದು ಗುಣ, ಸುದ್ದಿಯ ಅವಿಕೃತತೆ ಇನ್ನೊಂದು, ಕಳುಹಿಸಿದವರ ಗುರುತು ಮೂರನೆಯದು. ಇವುಗಳಿಗೆ ಇಂದಿನ ಶಾಸ್ತ್ರವು ನಾಲ್ಕನೆಯದೊಂದನ್ನು ಸೇರಿಸಿದೆ: ಕೀಲಿ ನಾಳೆ ಕಳುವಾದರೂ ನಿನ್ನೆ ಕಳುಹಿಸಿದ ಸುದ್ದಿಯನ್ನು ಕಳ್ಳನು ಓದಲಾಗಬಾರದು. ಇದಕ್ಕಾಗಿ ದೀರ್ಘಕಾಲದ ಕೀಲಿಯನ್ನು ಗುರುತಿಗೆ ಮಾತ್ರ ಬಳಸಿ, ಸುದ್ದಿಯನ್ನು ಮುಚ್ಚಲು ಆಗಾಗ ಹೊಸ ಕೀಲಿಗಳನ್ನು ಮಾಡಿ, ಬಳಸಿದ ಮೇಲೆ ಅಳಿಸಿಬಿಡುತ್ತಾರೆ. ಯಾವ ಪ್ರೋಟೋಕಾಲನ್ನಾದರೂ ತೂಗಿ ನೋಡಲು ಈ ನಾಲ್ಕು ಗುಣಗಳೇ ತಕ್ಕಡಿ.

೩. ವಿ.ಪಿ.ಎನ್. ಎಂದರೇನು, ಏನಲ್ಲ

ಅಂತರ್ಜಾಲದಲ್ಲಿ ಸುದ್ದಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ, ಹಲವು ಕೈಗಳನ್ನು ದಾಟಿ ಸಾಗುತ್ತದೆ. ವಿ.ಪಿ.ಎನ್. ಮಾಡುವ ಕೆಲಸವಿಷ್ಟೆ: ಮನೆಯ ಕಂಪ್ಯೂಟರಿನಿಂದ ಹೊರಟ ಪ್ರತಿಯೊಂದು ಪೊಟ್ಟಣವನ್ನು ಇನ್ನೊಂದು ಲಕೋಟೆಯೊಳಗಿಟ್ಟು, ಅರಗಿನ ಮುದ್ರೆ ಹಾಕಿ, ಕಚೇರಿಯ ದ್ವಾರಯಂತ್ರದ ವಿಳಾಸಕ್ಕೆ ಕಳುಹಿಸುತ್ತದೆ. ದಾರಿಯಲ್ಲಿರುವವರಿಗೆ ಹೊರಗಿನ ವಿಳಾಸ ಕಾಣುತ್ತದೆ, ಒಳಗಿನ ಕಾಗದ ಕಾಣದು. ಲಕೋಟೆ ಹೇಗಿರಬೇಕು, ಮುದ್ರೆ ಯಾವುದು, ಕೀಲಿಗಳನ್ನು ಎರಡು ಕಡೆಯವರೂ ಹೇಗೆ ನಿಶ್ಚಯಿಸಿಕೊಳ್ಳಬೇಕು ಎಂಬ ಕಟ್ಟಳೆಗೆ ಪ್ರೋಟೋಕಾಲ್ ಎಂದು ಹೆಸರು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಜಾಹೀರಾತುಗಳಲ್ಲಿ ಮಾರುವ ವಿ.ಪಿ.ಎನ್. ಬೇರೆ, ಕಚೇರಿಯ ವಿ.ಪಿ.ಎನ್. ಬೇರೆ. ಮೊದಲನೆಯದರಲ್ಲಿ ಲಕೋಟೆ ಬಿಚ್ಚುವವನು ಒಬ್ಬ ಮೂರನೆಯ ವ್ಯಾಪಾರಿ. ಎರಡನೆಯದರಲ್ಲಿ ನೌಕರನ ಸ್ವಂತ ಕಚೇರಿ. ಕೇಂದ್ರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶವು ವಿ.ಪಿ.ಎನ್. ಮಾರುವವರು ಚಂದಾದಾರರ ವಿವರಗಳನ್ನು ಐದು ವರ್ಷ ಕಾದಿಡಬೇಕೆಂದು ವಿಧಿಸಿತು. ಕೆಲವು ವಿದೇಶೀ ಕಂಪನಿಗಳು ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದುವು. ಸಂಸ್ಥೆಗಳು ತಮ್ಮ ನೌಕರರಿಗಾಗಿ ನಡೆಸುವ ವಿ.ಪಿ.ಎನ್.ಗಳಿಗೆ ಈ ವಿಧಿ ಅನ್ವಯಿಸದೆಂದು ಸರ್ಟ್-ಇನ್ ಅನಂತರ ಸ್ಪಷ್ಟಪಡಿಸಿತು. ಈ ಲೇಖನದ ವಿಷಯ ಎರಡನೆಯ ಬಗೆಯದು.

೪. ಕೈಬಿಡತಕ್ಕ ಹಳೆಯ ಮಾರ್ಗಗಳು

ಪಿ.ಪಿ.ಟಿ.ಪಿ. ಎಂಬುದು ೧೯೯೦ರ ದಶಕದ ಸೃಷ್ಟಿ. ಅದನ್ನು ಏರ್ಪಡಿಸುವುದು ಬಹು ಸುಲಭ. ಅದರ ಜನಪ್ರಿಯತೆಗೆ ಅದೇ ಕಾರಣ. ಅದರ ಗುರುತುಪರೀಕ್ಷೆಯಲ್ಲಿ ದೋಷಗಳಿವೆಯೆಂದು ೧೯೯೮ರಲ್ಲಿಯೇ ಪಂಡಿತರು ತೋರಿಸಿದ್ದರು. ೨೦೧೨ರಲ್ಲಿ ಇಬ್ಬರು ಸಂಶೋಧಕರು, ಪಾಸ್‌ವರ್ಡ್ ಎಷ್ಟೇ ಉದ್ದವಾಗಿದ್ದರೂ ಒಟ್ಟು ಗುಟ್ಟು ಡಿ.ಇ.ಎಸ್. ಎಂಬ ೧೯೭೭ರ ಗೂಢಲಿಪಿಯ ಒಂದೇ ಒಂದು ಕೀಲಿಗೆ ಇಳಿಯುತ್ತದೆಂದು ಸಾಧಿಸಿದರು. ಆ ಕೀಲಿಗೆ ಇರುವ ಸಾಧ್ಯತೆಗಳು ಸುಮಾರು ೭೨೦ ಕೋಟಿ ಕೋಟಿ. ಮನುಷ್ಯನಿಗೆ ಅಪಾರವಾದ ಈ ಸಂಖ್ಯೆಯನ್ನು ಅದಕ್ಕೆಂದೇ ಮಾಡಿದ ಯಂತ್ರವು ಒಂದು ದಿನದೊಳಗೆ ಶೋಧಿಸಿ ಮುಗಿಸುತ್ತದೆ. ಆಪಲ್ ಕಂಪನಿಯು ೨೦೧೬ರಲ್ಲಿ ತನ್ನ ಯಂತ್ರಗಳಿಂದ ಪಿ.ಪಿ.ಟಿ.ಪಿ.ಯನ್ನು ತೆಗೆದುಹಾಕಿತು.

ಎಲ್.೨.ಟಿ.ಪಿ. ೧೯೯೯ರಲ್ಲಿ ಬಂದ ಕಟ್ಟಳೆ. ಅದು ಬರಿಯ ಲಕೋಟೆ, ಮುದ್ರೆ ಅದರಲ್ಲಿಲ್ಲ. ಭದ್ರತೆಗಾಗಿ ಅದು ಐಪಿಸೆಕ್ ಎಂಬ ಬೇರೊಂದು ಪದ್ಧತಿಯನ್ನು ಆಶ್ರಯಿಸಬೇಕು. ಲಕೋಟೆಯ ಮೇಲೆ ಲಕೋಟೆಯಾಗಿ ಭಾರ ಹೆಚ್ಚುತ್ತದೆ. ಮೇಲಾಗಿ ಎಲ್ಲ ನೌಕರರಿಗೂ ಒಂದೇ ಪೂರ್ವನಿಶ್ಚಿತ ಕೀಲಿಯನ್ನು ಹಂಚುವ ಕೆಟ್ಟ ರೂಢಿ ಅದರೊಡನೆ ಬೆಳೆಯಿತು. ಒಂದೇ ಬೀಗದ ಕೈಯನ್ನು ನೂರು ಮಂದಿಗೆ ಕೊಟ್ಟ ಮನೆಯಲ್ಲಿ ಕಳ್ಳನು ಯಾರ ಕೈಯಿಂದ ಬಂದನೆಂದು ತಿಳಿಯುವ ಬಗೆಯೇ ಇಲ್ಲ. ಈ ಎರಡನ್ನೂ ತನ್ನ ಸರ್ವರುಗಳ ಮುಂದಿನ ಆವೃತ್ತಿಗಳಲ್ಲಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ ಕಂಪನಿಯು ೨೦೨೪ರ ಅಕ್ಟೋಬರಿನಲ್ಲಿ ಸಾರಿತು.

೫. ಐಪಿಸೆಕ್ ಮತ್ತು ಐ.ಕೆ.ಇ. ಎರಡನೆಯ ಆವೃತ್ತಿ

ಐಪಿಸೆಕ್ ಪದ್ಧತಿಯಲ್ಲಿ ಎರಡು ಭಾಗಗಳುಂಟು: ಪೊಟ್ಟಣಗಳನ್ನು ಮುಚ್ಚುವುದೊಂದು, ಕೀಲಿಗಳನ್ನು ನಿಶ್ಚಯಿಸಿಕೊಳ್ಳುವುದೊಂದು. ಎರಡನೆಯ ಕೆಲಸಕ್ಕೆ ೧೯೯೮ರಲ್ಲಿ ಬಂದ ಐ.ಕೆ.ಇ. ಮೊದಲನೆಯ ಆವೃತ್ತಿಯು ತೀರ ಜಟಿಲವಾಗಿದ್ದಿತು. ೨೦೨೩ರ ಏಪ್ರಿಲಿನಲ್ಲಿ ಅದು ಬಳಕೆಗೆ ತಕ್ಕುದಲ್ಲವೆಂದು ಅಧಿಕೃತವಾಗಿ ಘೋಷಿತವಾಯಿತು. ೨೦೦೫ರಲ್ಲಿ ರೂಪುಗೊಂಡ ಎರಡನೆಯ ಆವೃತ್ತಿಯೇ ಈಗ ಗ್ರಾಹ್ಯ.

ಇದರ ಗುಣಗಳು ಮೂರು. ವಿಂಡೋಸ್, ಆಪಲ್ ಯಂತ್ರಗಳು, ಈಚಿನ ಆಂಡ್ರಾಯಿಡ್ ಫೋನುಗಳು ಇವೆಲ್ಲದರಲ್ಲಿಯೂ ಇದು ಮೊದಲೇ ಅಡಕವಾಗಿದೆ. ಪ್ರತಿಯೊಬ್ಬ ನೌಕರನ ಗುರುತನ್ನೂ ಪ್ರತ್ಯೇಕವಾದ ಪ್ರಮಾಣಪತ್ರದಿಂದ ಪರೀಕ್ಷಿಸಬಹುದು. ೨೦೦೬ರಲ್ಲಿ ಸೇರಿದ ಮೊಬೈಕ್ ಎಂಬ ವಿಸ್ತರಣೆಯ ಬಲದಿಂದ, ಒಂದು ಸಂಪರ್ಕ ಹೋಗಿ ಇನ್ನೊಂದು ಬಂದರೂ ಕೆಲಸ ಕಡಿಯದು. ಕಟ್ಟಡದಿಂದ ಕಟ್ಟಡಕ್ಕೆ ಮಾಳಿಗೆಯ ಮೇಲೆ ಹಾಯ್ದ ಕೇಬಲ್ ಮಳೆಗಾಲದಲ್ಲಿ ಕೈಕೊಟ್ಟು, ಫೋನಿನ ಸಂಪರ್ಕಕ್ಕೆ ಹೊರಳಬೇಕಾದ ಮನೆಗಳಿಗೆ ಇದೊಂದು ದೊಡ್ಡ ಉಪಕಾರ.

ದೋಷವೆಂದರೆ ಆಯ್ಕೆಗಳ ಬಾಹುಳ್ಯ. ಹಳೆಯ ದುರ್ಬಲ ಗೂಢಲಿಪಿಯನ್ನೂ ಹೊಸ ಬಲವಾದುದನ್ನೂ ಒಂದೇ ಪಟ್ಟಿಯಲ್ಲಿಟ್ಟು ಯಾವುದನ್ನಾದರೂ ಒಪ್ಪುವಂತೆ ಬಿಟ್ಟರೆ ಭದ್ರತೆ ದುರ್ಬಲವಾದುದರ ಮಟ್ಟಕ್ಕೆ ಇಳಿಯುತ್ತದೆ. ಅಲ್ಲದೆ ಇದು ಯು.ಡಿ.ಪಿ. ೫೦೦ ಮತ್ತು ೪೫೦೦ ಎಂಬ ದ್ವಾರಗಳನ್ನು ನೆಚ್ಚಿರುವುದರಿಂದ ಕೆಲವು ಹೋಟೆಲುಗಳಲ್ಲಿ, ಸಾರ್ವಜನಿಕ ಜಾಲಗಳಲ್ಲಿ ತಡೆಗೊಳ್ಳುತ್ತದೆ.

೬. ಟಿ.ಎಲ್.ಎಸ್. ಆಧಾರದ ಮಾರ್ಗಗಳು

ಜಾಲತಾಣಗಳನ್ನು ಕಾಯುವ ಟಿ.ಎಲ್.ಎಸ್. ಪದ್ಧತಿಯ ಮೇಲೆಯೇ ಸುರಂಗವನ್ನು ಕಟ್ಟುವುದು ಇನ್ನೊಂದು ಪಂಥ. ಜೇಮ್ಸ್ ಯೋನನ್ ೨೦೦೧ರಲ್ಲಿ ಹೊರತಂದ ಓಪನ್‌ವಿ.ಪಿ.ಎನ್. ಇದರಲ್ಲಿ ಪ್ರಸಿದ್ಧ. ಅದರ ಆಕರ ಬಹಿರಂಗ. ಅನೇಕರ ಪರೀಕ್ಷೆಯನ್ನು ದಾಟಿ ಬಂದಿದೆ. ಟಿ.ಸಿ.ಪಿ. ೪೪೩ರ ಮೂಲಕ ಸಾಗುವಂತೆ ಅದನ್ನು ಅಳವಡಿಸಬಹುದು. ಜಾಲತಾಣಗಳಿಗೆಲ್ಲ ಅದೇ ದ್ವಾರವಾದುದರಿಂದ ಅದನ್ನು ಮುಚ್ಚುವವರು ವಿರಳ. ಆದರೆ ಇದು ಅನಿವಾರ್ಯವಾದಾಗ ಹಿಡಿಯತಕ್ಕ ದಾರಿ. ಟಿ.ಸಿ.ಪಿ.ಯು ಕಳೆದುಹೋದ ಪೊಟ್ಟಣವನ್ನು ಮತ್ತೆ ಕಳುಹಿಸುವ ಸ್ವಭಾವದ್ದು, ಒಳಗೂ ಟಿ.ಸಿ.ಪಿ., ಹೊರಗೂ ಟಿ.ಸಿ.ಪಿ. ಆದರೆ ಸಂಪರ್ಕ ಕ್ಷೀಣಿಸಿದಾಗ ಇಬ್ಬರು ಗುಮಾಸ್ತರು ಒಂದೇ ಕಾಗದಕ್ಕೆ ಬೇರೆಬೇರೆಯಾಗಿ ಜ್ಞಾಪನಪತ್ರ ಬರೆಯುತ್ತ ಕುಳಿತಂತಾಗಿ ಕೆಲಸವೇ ಸ್ತಬ್ಧವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಯು.ಡಿ.ಪಿ.ಯೇ ಲೇಸು.

ಓಪನ್‌ವಿ.ಪಿ.ಎನ್. ತನ್ನ ಗೂಢಲಿಪಿಗಾಗಿ ಇನ್ನೊಂದು ದೊಡ್ಡ ಗ್ರಂಥಾಲಯವನ್ನು ಅವಲಂಬಿಸುತ್ತದೆ. ಅದರಲ್ಲಿ ದೋಷ ಕಂಡರೆ ಇದಕ್ಕೂ ತಟ್ಟುತ್ತದೆಂಬುದಕ್ಕೆ ೨೦೧೪ರ ಏಪ್ರಿಲಿನ ಹಾರ್ಟ್‌ಬ್ಲೀಡ್ ಪ್ರಸಂಗವೇ ಸಾಕ್ಷಿ. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದುದು, ಕಂಪನಿಗಳು ತಮ್ಮದೇ ಆದ ರೀತಿಯಲ್ಲಿ ಮಾಡಿ ಮಾರುವ ಎಸ್.ಎಸ್.ಎಲ್. ವಿ.ಪಿ.ಎನ್. ಯಂತ್ರಗಳ ವಿಷಯದಲ್ಲಿ. ಹೆಸರಾಂತ ಕೆಲವು ಯಂತ್ರಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗಿನ ಕಡತಗಳನ್ನು ಓದಬಹುದಾದ ದೋಷಗಳು ೨೦೧೯ರಲ್ಲಿ ಬೆಳಕಿಗೆ ಬಂದುವು. ಅಮೆರಿಕದ ಎನ್.ಎಸ್.ಎ. ಮತ್ತು ಸಿ.ಐ.ಎಸ್.ಎ. ಸಂಸ್ಥೆಗಳು ೨೦೨೧ರ ಸೆಪ್ಟೆಂಬರಿನಲ್ಲಿ, ಇಂಥ ಸ್ವಕಲ್ಪಿತ ಪದ್ಧತಿಗಳಿಗಿಂತ ಪ್ರಮಾಣೀಕೃತವಾದ ಐ.ಕೆ.ಇ. ಮತ್ತು ಐಪಿಸೆಕ್ ಉತ್ತಮವೆಂದು ಸಲಹೆಯಿತ್ತುವು; ನಾರ್ವೆಯ ಸೈಬರ್ ಭದ್ರತಾ ಕೇಂದ್ರವು ೨೦೨೪ರಲ್ಲಿ ಅದೇ ಅಭಿಪ್ರಾಯವನ್ನು ಇನ್ನೂ ಒತ್ತಿ ಹೇಳಿತು.

೭. ವೈರ್‌ಗಾರ್ಡ್

ಜೇಸನ್ ಡೋನೆನ್‌ಫೆಲ್ಡ್ ರಚಿಸಿ ೨೦೧೭ರಲ್ಲಿ ವಿದ್ವತ್ಸಭೆಯೊಂದರಲ್ಲಿ ಮಂಡಿಸಿದ ವೈರ್‌ಗಾರ್ಡ್, ಲಿನಕ್ಸ್ ತಿರುಳಿನ ೫.೬ನೆಯ ಆವೃತ್ತಿಯಲ್ಲಿ ಸೇರಿ ಹೊರಬಂದುದು ೨೦೨೦ರ ಮಾರ್ಚ್ ೨೯ರಂದು, ಎಂದರೆ ಭಾರತದ ಮನೆಗಳು ಕಚೇರಿಗಳಾದ ಅದೇ ವಾರ. ಇದರ ವೈಶಿಷ್ಟ್ಯ ಸಂಕ್ಷೇಪ. ಮೂಲರಚನೆ ಸುಮಾರು ೪,೦೦೦ ಸಾಲುಗಳಷ್ಟೆ. ಒಬ್ಬನೇ ವಿದ್ವಾಂಸನು ಕುಳಿತು ಓದಿ ಪರೀಕ್ಷಿಸಬಹುದು. ಗೂಢಲಿಪಿಗಳ ಆಯ್ಕೆಯನ್ನು ಇದು ಬಳಕೆದಾರನಿಗೆ ಬಿಡುವುದೇ ಇಲ್ಲ. ಆದ್ದರಿಂದ ತಪ್ಪು ಆಯ್ಕೆಗೆ ಎಡೆಯಿಲ್ಲ. ಸುದ್ದಿ ಹರಿಯುತ್ತಿರುವಾಗ ಸುಮಾರು ಎರಡು ನಿಮಿಷಕ್ಕೊಮ್ಮೆ ಹೊಸ ಕೀಲಿಗಳು ಹುಟ್ಟುತ್ತವೆ. ಅಪರಿಚಿತನು ಬಾಗಿಲು ತಟ್ಟಿದರೆ ಯಂತ್ರವು ಉತ್ತರವನ್ನೇ ಕೊಡದು. ಅಲ್ಲೊಂದು ಬಾಗಿಲು ಉಂಟೆಂದೂ ಅವನಿಗೆ ತಿಳಿಯದು. ಸಂಪರ್ಕ ಬದಲಾದಾಗ ಇದೂ ಮೊಬೈಕಿನಂತೆ ಕಡಿಯದೆ ಮುಂದುವರಿಯುತ್ತದೆ.

ಹಾಗೆಂದು ಇದು ಸರ್ವರೋಗನಿವಾರಕವಲ್ಲ. ಇದು ಗುರುತಿಸುವುದು ಕೀಲಿಯನ್ನು, ಮನುಷ್ಯನನ್ನಲ್ಲ. ಪಾಸ್‌ವರ್ಡ್ ಅಥವಾ ಒ.ಟಿ.ಪಿ. ಕೇಳುವ ವ್ಯವಸ್ಥೆ ಇದರ ಒಳಗಿಲ್ಲ; ಬೇಕಾದರೆ ಹೊರಗಿನಿಂದ ಸೇರಿಸಬೇಕು. ಇದು ಯು.ಡಿ.ಪಿ.ಯಲ್ಲಿ ಮಾತ್ರ ಸಾಗುತ್ತದೆ. ಇದರ ಗೂಢಲಿಪಿಯು ಅಮೆರಿಕದ ಸರಕಾರಿ ಅಂಗೀಕೃತ ಪಟ್ಟಿಯಲ್ಲಿ ಇಲ್ಲದ ಕಾರಣ, ಆ ಪಟ್ಟಿಯನ್ನು ನಿಯಮವಾಗಿಟ್ಟುಕೊಂಡ ಸಂಸ್ಥೆಗಳು ಇದನ್ನು ಒಪ್ಪಲಾರವು.

೮. ಆಯ್ಕೆಯ ಕ್ರಮ

ಮೇಲಿನ ವಿವೇಚನೆಯಿಂದ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗಿಂತ ಯಾರಿಗೆ ಯಾವುದು ತಕ್ಕುದು ಎಂಬ ಪ್ರಶ್ನೆಯೇ ಸರಿಯಾದುದೆಂದು ವೇದ್ಯವಾಗುತ್ತದೆ.

ಬ್ಯಾಂಕು, ಸರಕಾರಿ ಇಲಾಖೆ, ದೊಡ್ಡ ಕಂಪನಿ ಇವುಗಳಲ್ಲಿ ನೂರಾರು ನೌಕರರ ಗುರುತನ್ನು ಒಂದೆಡೆಯಿಂದ ನಿರ್ವಹಿಸಬೇಕು. ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕು. ಇಂಥಲ್ಲಿ ಐ.ಕೆ.ಇ. ಎರಡನೆಯ ಆವೃತ್ತಿಯ ಐಪಿಸೆಕ್ ತಕ್ಕುದು. ಆದರೆ ದುರ್ಬಲ ಗೂಢಲಿಪಿಗಳನ್ನೆಲ್ಲ ಪಟ್ಟಿಯಿಂದ ಅಳಿಸಿ, ಪ್ರತಿ ಯಂತ್ರಕ್ಕೂ ಬೇರೆ ಪ್ರಮಾಣಪತ್ರ ಕೊಟ್ಟು, ಅದರ ಮೇಲೆ ಎರಡನೆಯ ಗುರುತನ್ನೂ ಕೇಳಬೇಕು. ಹತ್ತಿಪ್ಪತ್ತು ಮಂದಿಯ ಲೆಕ್ಕಪತ್ರದ ಕಚೇರಿ, ಸಣ್ಣ ವ್ಯಾಪಾರಸಂಸ್ಥೆ, ಸಂಘದ ಕಾರ್ಯಾಲಯ ಇವುಗಳಿಗೆ ವೈರ್‌ಗಾರ್ಡ್ ಸರಳವೂ ಭದ್ರವೂ ಹೌದು. ಪ್ರತಿ ಯಂತ್ರಕ್ಕೂ ಬೇರೆ ಕೀಲಿಯಿರಬೇಕು, ಕೆಲಸ ಬಿಟ್ಟವರ ಕೀಲಿಯನ್ನು ಅಂದೇ ತೆಗೆಯಬೇಕು. ದಾರಿಯೇ ಮುಚ್ಚಿದ ಜಾಲಗಳಿಗಾಗಿ ಓಪನ್‌ವಿ.ಪಿ.ಎನ್. ಅನ್ನು ಟಿ.ಸಿ.ಪಿ. ೪೪೩ರಲ್ಲಿ ಕಾಯ್ದಿರಿಸುವುದು ಜಾಣತನ. ಪಿ.ಪಿ.ಟಿ.ಪಿ. ಯಾವ ಸನ್ನಿವೇಶದಲ್ಲಿಯೂ ಕೂಡದು.

ಮನೆಯ ಸ್ಥಿತಿಯನ್ನೂ ಗಮನಿಸಬೇಕು. ಸ್ಥಳೀಯ ಕೇಬಲ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸವಿರುವುದುಂಟು. ಮನೆಯಿಂದ ಹೊರಕ್ಕೆ ಸುರಂಗ ತೆರೆಯಲು ಇದರಿಂದ ಅಡ್ಡಿಯಿಲ್ಲ. ಆದರೆ ಸಣ್ಣ ಕಚೇರಿಯ ದ್ವಾರಯಂತ್ರವೇ ಇಂಥ ಸಂಪರ್ಕದಲ್ಲಿದ್ದರೆ ಹೊರಗಿನವರು ಅದನ್ನು ಮುಟ್ಟಲಾರರು. ಅದಕ್ಕೆ ಸ್ಥಿರವಿಳಾಸವನ್ನು ಕೊಂಡುಕೊಳ್ಳಬೇಕು. ಸಣ್ಣ ಪುಟಗಳು ತೆರೆದು ದೊಡ್ಡ ಕಡತಗಳು ನಡುವೆ ನಿಂತರೆ, ಲಕೋಟೆಯೊಳಗಿನ ಲಕೋಟೆಯು ದಾರಿಯ ಅಳತೆಗೆ ಹೆಚ್ಚಾಗಿದೆಯೆಂದು ಅರ್ಥ; ಪೊಟ್ಟಣದ ಗಾತ್ರವನ್ನು ತುಸು ಇಳಿಸಿದರೆ ಸಾಕು, ಪ್ರೋಟೋಕಾಲನ್ನು ದೂರಬೇಕಾಗಿಲ್ಲ.

೯. ಪ್ರೋಟೋಕಾಲಿನ ಮೇರೆ

ಎಲ್ಲಕ್ಕಿಂತ ಮುಖ್ಯವಾದುದು, ಪ್ರೋಟೋಕಾಲು ದಾರಿಯನ್ನು ಕಾಯುತ್ತದೆಯೇ ಹೊರತು ದಾರಿಯ ಎರಡು ತುದಿಗಳನ್ನಲ್ಲ ಎಂಬ ಅರಿವು. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ತೈಲಮಾರ್ಗವು ೨೦೨೧ರ ಮೇ ೭ರಂದು ನಿಂತು, ಕಂಪನಿಯು ಸುಮಾರು ೪೪ ಲಕ್ಷ ಡಾಲರುಗಳನ್ನು ದರೋಡೆಕೋರರಿಗೆ ತೆತ್ತಿತು. ಅವರು ಯಾವ ಗೂಢಲಿಪಿಯನ್ನೂ ಒಡೆದಿರಲಿಲ್ಲ. ಬಳಕೆಯಲ್ಲಿಲ್ಲದ ಒಂದು ಹಳೆಯ ವಿ.ಪಿ.ಎನ್. ಖಾತೆಯನ್ನು ಯಾರೂ ಮುಚ್ಚಿರಲಿಲ್ಲ. ಅದಕ್ಕೆ ಎರಡನೆಯ ಗುರುತಿನ ಪರೀಕ್ಷೆ ಇರಲಿಲ್ಲ. ಪಾಸ್‌ವರ್ಡ್ ಕಳ್ಳರ ಕೈಸೇರಿದ್ದಿತು. ಬೀಗ ಭದ್ರವಾಗಿದ್ದಿತು, ಬೀಗದ ಕೈ ಬೀದಿಯಲ್ಲಿದ್ದಿತು.

ಒಂದೇ ಕೋಣೆಯ ಮನೆಯಲ್ಲಿ ಒಂದೇ ಕಂಪ್ಯೂಟರು ಹಗಲು ತಂದೆಗೆ ಕಚೇರಿಯಾಗಿ, ಸಂಜೆ ಮಗುವಿಗೆ ಶಾಲೆಯಾಗಿ, ರಾತ್ರಿ ಎಲ್ಲರಿಗೂ ಸಿನೆಮಾ ಆಗುವುದು ಮುಂಬಯಿಯಲ್ಲಿ ಅಪರೂಪವಲ್ಲ. ಆ ಯಂತ್ರದೊಳಗೆ ಯಾವುದಾದರೂ ದುಷ್ಟ ತಂತ್ರಾಂಶ ಹೊಕ್ಕರೆ, ಅತ್ಯಂತ ಭದ್ರವಾದ ಸುರಂಗವು ಅದನ್ನು ಅತ್ಯಂತ ಭದ್ರವಾಗಿ ಕಚೇರಿಯೊಳಕ್ಕೆ ಸಾಗಿಸುತ್ತದೆ. ಆದ್ದರಿಂದ ಕಚೇರಿಯ ಕೆಲಸಕ್ಕೆ ಕಚೇರಿಯೇ ಕೊಟ್ಟ ಯಂತ್ರ ಉತ್ತಮ. ಅದಾಗದಿದ್ದರೆ ಕನಿಷ್ಠಪಕ್ಷ ಬೇರೆ ಬಳಕೆದಾರ ಖಾತೆ ಇರಬೇಕು. ಸುರಂಗದ ಮೂಲಕ ಬಂದವನಿಗೆ ಇಡೀ ಕಚೇರಿಯನ್ನು ತೆರೆದಿಡದೆ, ಅವನ ಕೆಲಸಕ್ಕೆ ಬೇಕಾದ ಕಡತಗಳಷ್ಟೇ ಸಿಕ್ಕುವಂತೆ ಮಿತಿ ಹಾಕಬೇಕು.

ಭವಿಷ್ಯದ ಒಂದು ಸಂಗತಿಯನ್ನೂ ಮರೆಯುವಂತಿಲ್ಲ. ಇಂದು ಮುಚ್ಚಿ ಕಳುಹಿಸಿದುದನ್ನು ಸಂಗ್ರಹಿಸಿಟ್ಟು, ಮುಂದೆ ಕ್ವಾಂಟಂ ಯಂತ್ರಗಳಿಂದ ಬಿಚ್ಚುವ ಸಾಧ್ಯತೆಯನ್ನು ಪಂಡಿತರು ಗಂಭೀರವಾಗಿ ಪರಿಗಣಿಸಿದ್ದಾರೆ. ಅದನ್ನು ತಡೆಯುವ ಹೊಸ ಗೂಢಲಿಪಿಗಳ ಪ್ರಮಾಣಗ್ರಂಥಗಳನ್ನು ಅಮೆರಿಕದ ಎನ್.ಐ.ಎಸ್.ಟಿ. ಸಂಸ್ಥೆಯು ೨೦೨೪ರ ಆಗಸ್ಟಿನಲ್ಲಿ ಪ್ರಕಟಿಸಿತು. ಐ.ಕೆ.ಇ.ಗೆ ಅಂಥ ಕೀಲಿಗಳನ್ನು ಜೋಡಿಸುವ ವಿಧಾನ ೨೦೨೩ರಲ್ಲಿಯೇ ನಿಶ್ಚಯವಾಗಿದೆ. ವೈರ್‌ಗಾರ್ಡಿನಲ್ಲಿ ಹೆಚ್ಚಿನ ಗುಪ್ತಕೀಲಿಯೊಂದನ್ನು ಸೇರಿಸಲು ಮೊದಲಿನಿಂದಲೂ ಅವಕಾಶವಿದೆ. ಇಪ್ಪತ್ತು ಮೂವತ್ತು ವರ್ಷ ಗೋಪ್ಯವಾಗಿರಬೇಕಾದ ದಾಖಲೆಗಳನ್ನು ಉಳ್ಳ ಸಂಸ್ಥೆಗಳು ಈ ವ್ಯವಸ್ಥೆಯನ್ನು ಈಗಲೇ ಕೇಳಿ ಪಡೆಯಬೇಕು.

ಪರೀಕ್ಷಾಂಕದ ಪಟ್ಟಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಾದ ಅಧಿಕಾರಿಗೆ ಗಣಿತವೂ ಯಂತ್ರವೂ ಹೆಚ್ಚು ತಿಳಿದಿರಲಿಲ್ಲ. ಪಟ್ಟಿಯನ್ನು ಯಾರಿಗೆ ಕೊಡಬಹುದು, ಯಾರಿಂದ ಯಾವಾಗ ಹಿಂದಕ್ಕೆ ಪಡೆಯಬೇಕು ಎಂಬುದು ಅವನಿಗೆ ಚೆನ್ನಾಗಿ ತಿಳಿದಿದ್ದಿತು. ಒಳ್ಳೆಯ ಪ್ರೋಟೋಕಾಲನ್ನು ಆರಿಸುವುದು ಒಂದು ದಿನದ ಕೆಲಸ. ಕೀಲಿಗಳ ಲೆಕ್ಕವನ್ನು ತಪ್ಪದೆ ಇಡುವುದು ಪ್ರತಿದಿನದ ಕೆಲಸ. ದೂರದ ನೌಕರನಿಗೂ ಗ್ರಾಹಕನಿಗೂ ನಡುವಣ ನಂಬಿಕೆ ನಿಂತಿರುವುದು ಹೆಚ್ಚಾಗಿ ಈ ಎರಡನೆಯದರ ಮೇಲೆ.